ಹುಲ್ಲಿನ ಚಾವಣಿಯೂ ಹೊಲದ ಬದುವೂ

ಹೆಗ್ಗಡದೇವನಕೋಟೆ ತಾಲ್ಲೂಕಿನ ಕಬಿನಿ ಹಿನ್ನೀರಿನ ದಡದಲ್ಲಿ ಪ್ರವಾಸಿಗರಿಗಾಗಿ ಕಟ್ಟಿರುವ ದೊಡ್ಡ ವಸತಿಗೃಹಗಳ ಪೈಕಿ ಕೆಲವಕ್ಕೆ ಕಾಡುಕುರುಬರ ಹಾಡಿಗಳ ಮಾದರಿಯಲ್ಲಿ ಹುಲ್ಲನ್ನು ಹೊದಿಸಿರುವುದುಂಟು. ಇಂಥ ಚಾವಣಿಯು ಸೆಕೆಯನ್ನು ತಡೆಯುವುದು. ಆದರೆ ಕೆಲವು ವರ್ಷಗಳಿಗೊಮ್ಮೆ ಹೊಸ ಹುಲ್ಲನ್ನು ಬೇಡುವುದು. ಅದನ್ನು ಎಲ್ಲಿಂದ ತರತಕ್ಕದ್ದೆಂಬುದೇ ಆಲೋಚಿಸಬೇಕಾದ ವಿಷಯವು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ನಾಗರಹೊಳೆ ರಾಷ್ಟ್ರೀಯ ಉದ್ಯಾನದ ಹುಲ್ಲನ್ನು ವ್ಯಾಪಾರಕ್ಕಾಗಿ ಕೊಯ್ಯಲಾಗದು. ಕೃಷ್ಣರಾಜನಗರದ ಗದ್ದೆಗಳ ಬತ್ತದ ಹುಲ್ಲು ದನಗಳ ಪಾಲಿನದು. ಅದನ್ನು ಮಾರಿ ಬೇಸಿಗೆಯಲ್ಲಿ ಮೇವು ಕೊಳ್ಳುವುದು ಜಾಣತನವಲ್ಲ.

ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಹೊಲಗಳ ಬದುಗಳಲ್ಲಿ ಲಾವಂಚವನ್ನು ನೆಡುವುದೇ ಉತ್ತಮವು. ಗುಂಡ್ಲುಪೇಟೆಯ ಕಡೆಯ ರೈತರು ತಲೆಮಾರುಗಳಿಂದ ಹೊಲದ ಎಲ್ಲೆಗೆ ಇದನ್ನು ನೆಡುತ್ತ ಬಂದಿರುವರು. ಇದರ ಬೇರು ಮಣ್ಣನ್ನು ಹಿಡಿದಿಡುವುದು. ಬಲಿತ ಗರಿಯನ್ನು ದನಗಳು ಅಷ್ಟಾಗಿ ಮೇಯವು, ಚಾವಣಿಗೆ ಅದು ಒದಗುವುದು. ಬದುವಿನ ಬೇರನ್ನು ಮಾತ್ರ ಅಗೆಯತಕ್ಕದ್ದಲ್ಲ. ಬೆಂಕಿಯ ಭಯವಿರುವುದರಿಂದ ಹೊಗೆಸೊಪ್ಪನ್ನು ಹದಮಾಡುವ ಬ್ಯಾರನ್‌ಗಳಿಗೆ ಹುಲ್ಲಿನ ಹೊದಿಕೆಯು ಸಲ್ಲದು.

ಗ್ರಾಮದ ಮುಖಂಡರು ವಸತಿಗೃಹದವರೊಡನೆ ಕ್ರಯವನ್ನು ಮುಂಚಿತವಾಗಿಯೇ ನಿಶ್ಚಯಿಸಿಕೊಂಡು, ಹೊದಿಸುವ ಕೆಲಸವನ್ನು ಬಲ್ಲ ಹಾಡಿಯವರಿಗೆ ತಕ್ಕ ಕೂಲಿಯು ದೊರೆಯುವಂತೆ ನೋಡಿಕೊಳ್ಳುವುದು ಅತ್ಯಾವಶ್ಯಕವು.