ಕಾಡ್ಗಿಚ್ಚಿನ ದಾರಿ ಮತ್ತು ಮುಂಗಂಡವರ ಹೊಣೆ

ಬೇಸಿಗೆಯ ರಜೆ ಬಂತೆಂದರೆ ನಮ್ಮ ಗೋವಿಂದರಾಜನಗರ, ವಿಜಯನಗರಗಳ ಅನೇಕ ಕುಟುಂಬಗಳು ಮೈಸೂರು ರಸ್ತೆ ಹಿಡಿದು, ಬಂಡೀಪುರದ ಮೂಲಕ ಉದಕಮಂಡಲಕ್ಕೆ ಹೋಗಿಬರುವುದು ವಾಡಿಕೆ. ವಾಹನದ ಕಿಟಕಿಯಿಂದ ಜಿಂಕೆ, ಆನೆಗಳನ್ನು ಕಂಡು ಮಕ್ಕಳು ಹಿಗ್ಗುತ್ತಾರೆ. ಆದರೆ ರಸ್ತೆಯ ಅಂಚಿನಲ್ಲಿ ಸುಟ್ಟು ಕರಿದಾದ ನೆಲದ ಪಟ್ಟಿಯನ್ನು ಕಂಡು ಅದೇಕೆಂದು ಕೇಳುವವರು ಕಡಿಮೆ. ಬೇಸಿಗೆ ಬಲಿಯುವ ಮುನ್ನವೇ ಅರಣ್ಯ ಸಿಬ್ಬಂದಿ ತಾವಾಗಿ ಸುಟ್ಟು ಸಿದ್ಧಪಡಿಸಿದ ಬೆಂಕಿ ರೇಖೆ ಅದು. ನಾಳೆ ಬರಬಹುದಾದ ಬೆಂಕಿಗೆ ಅಲ್ಲಿ ಆಹಾರ ಸಿಗದಿರಲೆಂಬುದೇ ಅದರ ಉದ್ದೇಶ. ಮುಂಗಾಣ್ಕೆಯೆಂಬ ಸದ್ಗುಣಕ್ಕೆ ಇದಕ್ಕಿಂತ ಸರಳವಾದ ನಿದರ್ಶನ ದೊರೆಯಲಾರದು.

ಇಷ್ಟಾದರೂ 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿಯಿತು. ಗೋಪಾಲಸ್ವಾಮಿ ಬೆಟ್ಟದ ಸುತ್ತಮುತ್ತಲ ಇಳಿಜಾರುಗಳಲ್ಲಿ ಒಣಗಿದ ಹುಲ್ಲು, ಲಂಟಾನದ ಪೊದೆಗಳನ್ನು ಆಶ್ರಯಿಸಿ ಬೆಂಕಿ ದಿನಗಟ್ಟಲೆ ಹರಿದು, ಸಾವಿರಾರು ಎಕರೆಗಳನ್ನು ಬೂದಿ ಮಾಡಿತು. ಅಂತಿಮವಾಗಿ ಫೆಬ್ರವರಿ 25ರಂದು ವಾಯುಪಡೆಯ ಹೆಲಿಕಾಪ್ಟರುಗಳು ಬಂದು ಆಕಾಶದಿಂದ ನೀರು ಸುರಿಯಬೇಕಾಯಿತು. ಅದಕ್ಕೂ ಎರಡು ವರ್ಷ ಮೊದಲು, 2017ರ ಫೆಬ್ರವರಿಯಲ್ಲಿ, ಅದೇ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ನಂದಿಸಲು ಹೋದ ಅರಣ್ಯ ರಕ್ಷಕರೊಬ್ಬರು ಪ್ರಾಣ ತೆತ್ತಿದ್ದರು. 2023ರ ಫೆಬ್ರವರಿಯಲ್ಲಿ ಸಕಲೇಶಪುರದ ಕಾಡಿನಲ್ಲಿ ಇನ್ನೊಬ್ಬ ರಕ್ಷಕರು ಸುಟ್ಟಗಾಯಗಳಿಗೆ ಬಲಿಯಾದರು. ಬೆಂಕಿ ಎತ್ತ ತಿರುಗೀತೆಂಬ ಅರಿವು ಕಾಡಿನೊಳಗೆ ಕಾಲ್ನಡೆಯಲ್ಲಿ ಹೋಗುವವನಿಗೆ ಜೀವನ್ಮರಣದ ಪ್ರಶ್ನೆ.

ಬೆಂಕಿಯ ನಡೆಗೆ ನಿಯಮವುಂಟು. ಗಾಳಿ, ನೆಲದ ಇಳಿಜಾರು, ಉರುವಲಿನ ಪ್ರಮಾಣ, ಅದರಲ್ಲಿ ಉಳಿದಿರುವ ತೇವ ಇವು ಅದರ ವೇಗವನ್ನೂ ದಿಕ್ಕನ್ನೂ ನಿರ್ಧರಿಸುತ್ತವೆ. ಬೆಟ್ಟವೇರುವ ಬೆಂಕಿ ತನ್ನ ಮುಂದಿನ ಹುಲ್ಲನ್ನು ಮೊದಲೇ ಕಾಯಿಸಿ ಒಣಗಿಸುವುದರಿಂದ, ಇಳಿಜಾರು ಹತ್ತು ಡಿಗ್ರಿ ಹೆಚ್ಚಿದಂತೆಲ್ಲ ಅದರ ವೇಗ ಸುಮಾರು ಇಮ್ಮಡಿಯಾಗುತ್ತದೆಂದು ಅನುಭವಸ್ಥರ ಲೆಕ್ಕ. ಈ ನಿಯಮಗಳನ್ನು ಅಮೆರಿಕದ ರಿಚರ್ಡ್ ರಾತರ್ಮೆಲ್ ಎಂಬ ವಿಜ್ಞಾನಿ 1972ರಲ್ಲಿಯೇ ಗಣಿತದ ಸೂತ್ರಗಳಿಗೆ ಇಳಿಸಿದರು. ಆದರೆ ಬೆಂಕಿಯ ಅಂಚು ಈ ಕ್ಷಣ ಎಲ್ಲಿದೆ ಎಂಬುದು ತಿಳಿಯದೆ ಸೂತ್ರವೊಂದರಿಂದಲೇ ಪ್ರಯೋಜನವಿಲ್ಲ.

ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯು ಉಪಗ್ರಹಗಳ ನೆರವಿನಿಂದ ಬೆಂಕಿಯ ಸುಳಿವನ್ನು ಕ್ಷೇತ್ರ ಸಿಬ್ಬಂದಿಯ ಮೊಬೈಲಿಗೆ ಕಳುಹಿಸುತ್ತದೆ. ಇದು ಉಪಕಾರಿಯೇ ಸರಿ. ಆದರೆ ಆ ಉಪಗ್ರಹಗಳು ದಿನಕ್ಕೆ ಕೆಲವೇ ಬಾರಿ ಹಾದುಹೋಗುತ್ತವೆ, ಅವುಗಳ ಚಿತ್ರದಲ್ಲಿ ಒಂದು ಚುಕ್ಕೆಯೆಂದರೆ ನೆಲದಲ್ಲಿ 375 ಮೀಟರ್ ಅಥವಾ ಅದಕ್ಕೂ ಹೆಚ್ಚು. ಈ ಕೊರತೆಯನ್ನು ತುಂಬಬಲ್ಲದ್ದು ಡ್ರೋನ್. ಶಾಖವನ್ನು ಗುರುತಿಸುವ ಕ್ಯಾಮೆರಾ ಹೊತ್ತ ಡ್ರೋನ್ ಹೊಗೆಯ ಮರೆಯಲ್ಲಿರುವ ಬೆಂಕಿಯ ಅಂಚನ್ನೂ ಕಾಣಬಲ್ಲದು. ಕೆಲವೇ ನಿಮಿಷಗಳಿಗೊಮ್ಮೆ ಆ ಅಂಚನ್ನು ನಕ್ಷೆಯ ಮೇಲೆ ಗುರುತಿಸುತ್ತ ಹೋದರೆ, ಗಣಕಯಂತ್ರ ತನ್ನ ಅಂದಾಜನ್ನು ತಿದ್ದಿಕೊಂಡು ಮುಂದಿನ ಗಂಟೆಯಲ್ಲಿ ಬೆಂಕಿ ಎಲ್ಲಿರಬಹುದೆಂದು ಹೇಳುತ್ತದೆ. 2007ರಲ್ಲಿಯೇ ಅಮೆರಿಕದ ನಾಸಾ ಸಂಸ್ಥೆಯ ಇಖಾನ ಎಂಬ ಮಾನವರಹಿತ ವಿಮಾನ ಕ್ಯಾಲಿಫೋರ್ನಿಯಾದ ಕಾಡ್ಗಿಚ್ಚುಗಳ ಮೇಲೆ ಹಾರಿ ಇಂತಹ ಚಿತ್ರಗಳನ್ನು ಒದಗಿಸಿತ್ತು.

ಯಂತ್ರಕ್ಕೂ ಮಿತಿಗಳಿವೆ. ಸಣ್ಣ ಡ್ರೋನಿನ ಬ್ಯಾಟರಿ ಅರ್ಧ ಗಂಟೆ ಬಾಳಿದರೆ ಹೆಚ್ಚು. ಬೆಂಕಿಯನ್ನು ಬೆಳೆಸುವ ಬಿರುಗಾಳಿಯೇ ಅದನ್ನು ನೆಲಕ್ಕೆ ಕೆಡವಲೂಬಹುದು. ಇವೆಲ್ಲಕ್ಕಿಂತ ದೊಡ್ಡ ಮಿತಿ ಇನ್ನೊಂದಿದೆ. ಬೆಂಕಿಗೆ ಸ್ವಂತ ಸಂಕಲ್ಪವಿಲ್ಲದ್ದರಿಂದಲೇ ಅದರ ದಾರಿಯನ್ನು ಲೆಕ್ಕ ಹಾಕಬಹುದು. ಕಡ್ಡಿ ಗೀರುವ ಮನುಷ್ಯನಿಗಾದರೋ ಸಂಕಲ್ಪ ಸ್ವಾತಂತ್ರ್ಯವುಂಟು, ಅವನನ್ನು ಯಾವ ಸೂತ್ರವೂ ಹಿಡಿಯಲಾರದು. ನಮ್ಮ ಕಾಡುಗಳ ಬೆಂಕಿಯಲ್ಲಿ ಬಹುಪಾಲು ಮನುಷ್ಯನ ಕೈಯಿಂದಲೇ ಹುಟ್ಟುತ್ತದೆ ಎಂಬುದನ್ನು ಮರೆಯಬಾರದು.

ಹಾಗಾದರೆ ದಿನಗೂಲಿ ಕಾವಲುಗಾರರ ಕೂಲಿಯ ಹಣವನ್ನು ಯಂತ್ರಗಳಿಗೆ ಸುರಿಯುವುದೇಕೆ, ನಾಳೆ ಈ ಯಂತ್ರಗಳೇ ಹಾಡಿಗಳ ಬಡ ಗಿರಿಜನರ ಮೇಲೆ ಕಣ್ಣಿಡುವ ಸಾಧನಗಳಾಗವೇ ಎಂದು ಕೆಲವರು ಕೇಳುತ್ತಾರೆ. ಈ ಆಕ್ಷೇಪಣೆಯನ್ನು ಹಗುರವಾಗಿ ಕಾಣಲಾಗದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಿಗೆಯ ಆರಂಭದಲ್ಲಿ ತರಗೆಲೆಯನ್ನಷ್ಟೇ ಮೆಲ್ಲನೆ ಸುಡುವ 'ತರಗು ಬೆಂಕಿ'ಯ ಪದ್ಧತಿಯನ್ನು ಬಲ್ಲವರು. ಅದು ನಿಂತ ಮೇಲೆ ಲಂಟಾನ ಹಬ್ಬಿತೆಂದು ಅವರ ಹಿರಿಯರು ಹೇಳುತ್ತಾರೆ. ಗಾಳಿಯನ್ನೂ ಹುಲ್ಲನ್ನೂ ತಲೆಮಾರುಗಳಿಂದ ಓದಿದವರನ್ನು ಸಂಶಯದ ಕಣ್ಣಿನಿಂದ ನೋಡುತ್ತ, ಯಂತ್ರವನ್ನು ಮಾತ್ರ ನಂಬುವುದು ಜಾಣತನವಲ್ಲ. ಆದರೆ ಯಂತ್ರವೇ ಬೇಡವೆಂದು, ಹಸಿ ಸೊಪ್ಪಿನ ಕೊಂಬೆಯೊಂದನ್ನೇ ಕೈಗಿತ್ತು ಅವರನ್ನು ಕುರುಡಾಗಿ ಬೆಂಕಿಯೆದುರು ಕಳುಹಿಸುವುದೂ ನ್ಯಾಯವಲ್ಲ.

ವಿವೇಕದ ಅಂಗಗಳಲ್ಲಿ ಮುಂಗಾಣ್ಕೆಗೆ ಸಂತ ತೋಮಾಸ್ ಅಕ್ವಿನಾಸರು ಪ್ರಧಾನ ಸ್ಥಾನವನ್ನಿತ್ತರು. ಅವರ ದೃಷ್ಟಿಯಲ್ಲಿ ಅದು ಬರೀ ಭವಿಷ್ಯ ತಿಳಿಯುವ ಕುತೂಹಲವಲ್ಲ, ತಿಳಿದದ್ದಕ್ಕೆ ತಕ್ಕಂತೆ ಇಂದಿನ ಕಾರ್ಯವನ್ನು ಅಣಿಗೊಳಿಸುವ ಗುಣ. ಕತ್ತಿ ಬರುವುದನ್ನು ಕಂಡೂ ಕಹಳೆ ಊದದ ಕಾವಲುಗಾರನೇ ಸತ್ತವರ ರಕ್ತಕ್ಕೆ ಉತ್ತರವಾದಿ ಎಂಬ ಎಚ್ಚರಿಕೆ ಪ್ರವಾದಿ ಯೆಜೆಕಿಯೇಲನ ಗ್ರಂಥದಲ್ಲಿಯೂ ಉಂಟು. ಬೆಂಕಿ ಬರುವುದನ್ನು ಕಾಣಲಾಗದ ಕಾಲದಲ್ಲಿ ಸಂಭವಿಸಿದ ಮರಣವನ್ನು ನಾವು ದುರ್ವಿಧಿ ಎನ್ನುತ್ತಿದ್ದೆವು. ಕಾಣುವ ಸಾಧನವಿದ್ದೂ ಅದನ್ನು ಬಳಸದೆ, ಅಥವಾ ಕಂಡದ್ದನ್ನು ಕಾಡಿನೊಳಗಿರುವವನಿಗೆ ಮುಟ್ಟಿಸದೆ ಸಂಭವಿಸುವ ಮರಣಕ್ಕೆ ಆ ಹೆಸರು ಒಪ್ಪದು.

ಆದುದರಿಂದ ಡ್ರೋನಿನ ಚಿತ್ರ ಮೊದಲು ತಲುಪಬೇಕಾದದ್ದು ಕಚೇರಿಯ ಪರದೆಯನ್ನಲ್ಲ, ಇಳಿಜಾರಿನಲ್ಲಿ ನಿಂತಿರುವ ಕಾವಲುಗಾರನ ಕಿವಿಯನ್ನು. ಅವನ ಬಳಿ ವೈರ್‌ಲೆಸ್ ಇರಲಿ, ಕಾಲಿಗೆ ಗಟ್ಟಿ ಬೂಟು, ಕುಟುಂಬಕ್ಕೆ ವಿಮೆ ಇರಲಿ. ನಾವು ಪಟ್ಟಣಿಗರಾದರೂ ಈ ಬಾರಿ ಬಂಡೀಪುರದ ದಾರಿಯಲ್ಲಿ ಸಾಗುವಾಗ ಉರಿಯುವ ಸಿಗರೇಟಿನ ತುಂಡನ್ನು ಹೊರಗೆಸೆಯದಿರೋಣ. ಕರಿದಾದ ಆ ಪಟ್ಟಿಯನ್ನು ಮಕ್ಕಳಿಗೆ ತೋರಿಸಿ, ಅದನ್ನು ಸುಟ್ಟವರು ಯಾರು, ಏಕೆ ಸುಟ್ಟರು ಎಂದು ತಿಳಿಸಿ ಹೇಳೋಣ.