ಎರಡನೇ ಪ್ರಾಶಸ್ತ್ಯದ ಭಿಕ್ಷೆ

ಚುನಾವಣೆ ಹತ್ತಿರ ಬಂದಾಗಲೆಲ್ಲ ಚಿತ್ರದುರ್ಗ ಜಿಲ್ಲೆಯಲ್ಲಿ ನಮಗೊಂದು ಬುದ್ಧಿವಾದ ತಪ್ಪದೆ ಸಿಗುತ್ತದೆ. ಹಿರಿಯೂರಾಗಲಿ, ಹೊಸದುರ್ಗ, ಹೊಳಲ್ಕೆರೆಯಾಗಲಿ, ಜಾತ್ಯತೀತರೆಂದು ಹೇಳಿಕೊಳ್ಳುವ ಮುಖಂಡರು ಜಮಾಅತಿನ ಹಿರಿಯರನ್ನು ಪಕ್ಕಕ್ಕೆ ಕರೆದು ಹೇಳುವ ಮಾತು ಒಂದೇ: "ಸಾಹೇಬ್ರೆ, ನಿಮ್ಮ ಓಟು ಹೇಗೂ ನಮಗಿದೆ. ಆ ಕಡೆಯವರದ್ದೂ ನಾಲ್ಕು ಬರಬೇಕಲ್ಲ? ಸ್ವಲ್ಪ ದಿನ ವೇದಿಕೆ ಮೇಲೆ ಕಾಣಿಸ್ಕೋಬೇಡಿ." ನಾವು ತಲೆಯಾಡಿಸಿ ಬರುತ್ತೇವೆ. ಎಣಿಕೆಯ ದಿನ ನೋಡಿದರೆ ಆ ನಾಲ್ಕು ಓಟು ಬಂದಿರುವುದಿಲ್ಲ. ಆಮೇಲೆ ಮತದಾರನಿಗೆ ಬೈಗುಳ: ಜನ ಕೆಟ್ಟುಹೋದರು, ಎಲ್ಲರೂ ಕೋಮುವಾದಿಗಳಾದರು!

ಜನ ಕೆಟ್ಟರೋ, ಲೆಕ್ಕ ಕೆಟ್ಟಿತೋ? ಸೌಮ್ಯ ಅಭ್ಯರ್ಥಿಯನ್ನು ಸಂಪ್ರದಾಯವಾದಿ ಯಾಕೆ ಒಲ್ಲೆ ಎನ್ನುತ್ತಾನೆಂಬ ಪ್ರಶ್ನೆಗೆ ಉತ್ತರ ಹುಡುಕಿ ದೂರ ಹೋಗಬೇಕಾಗಿಲ್ಲ. ಈ ಪಾಠಕ್ಕೆ ಅತಿ ದುಬಾರಿ ಬೆಲೆ ತೆತ್ತವರು ಚಿತ್ರದುರ್ಗದವರೇ ಆದ ಎಸ್. ನಿಜಲಿಂಗಪ್ಪನವರು. ಹೊಸದುರ್ಗದ ಮತದಾರರು 1962ರಲ್ಲಿ ಅವರನ್ನು ಸೋಲಿಸಿದ್ದರು. ಆ ಸೋಲು ಅವರನ್ನು ಮುಗಿಸಲಿಲ್ಲ. ಬಾಗಲಕೋಟೆಯಿಂದ ಗೆದ್ದು ಅದೇ ವರ್ಷ ಮತ್ತೆ ಮುಖ್ಯಮಂತ್ರಿಯಾದರು. ಅವರನ್ನು ರಾಷ್ಟ್ರ ರಾಜಕಾರಣದ ಅಂಚಿಗೆ ತಳ್ಳಿದ್ದು 1969ರ ರಾಷ್ಟ್ರಪತಿ ಚುನಾವಣೆ.

ಅದೇ ವರ್ಷದ ಮೇ 3ರಂದು ರಾಷ್ಟ್ರಪತಿ ಡಾ. ಝಾಕಿರ್ ಹುಸೇನ್ ನಿಧನರಾದರು. ಆಗ ನಿಜಲಿಂಗಪ್ಪನವರು ಕಾಂಗ್ರೆಸ್ ಅಧ್ಯಕ್ಷರು. ಜುಲೈಯಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಎಐಸಿಸಿ ಅಧಿವೇಶನ ಸೇರಿದಾಗ ಇಂದಿರಾ ಗಾಂಧಿ ದಲಿತ ನಾಯಕ ಜಗಜೀವನ ರಾಮ್ ಅವರ ಹೆಸರು ಸೂಚಿಸಿದರು. ಸಂಸದೀಯ ಮಂಡಳಿ ಒಪ್ಪಲಿಲ್ಲ. ಆಂಧ್ರದ ನೀಲಂ ಸಂಜೀವ ರೆಡ್ಡಿ ಅಭ್ಯರ್ಥಿಯಾದರು. ಇಂದಿರಾ ಅವರೇ ನಾಮಪತ್ರಕ್ಕೆ ಸಹಿ ಹಾಕಿದರು. ಉಪರಾಷ್ಟ್ರಪತಿಯಾಗಿದ್ದ ವಿ.ವಿ. ಗಿರಿ ಸ್ವತಂತ್ರರಾಗಿ ನಿಂತರು. ಜನಸಂಘ, ಸ್ವತಂತ್ರ ಪಕ್ಷಗಳು ರಿಸರ್ವ್ ಬ್ಯಾಂಕಿನ ಮೊದಲ ಭಾರತೀಯ ಗವರ್ನರ್ ಆಗಿದ್ದ ಸಿ.ಡಿ. ದೇಶಮುಖರನ್ನು ಮುಂದಿಟ್ಟವು.

ರೆಡ್ಡಿಯವರೇನು ಕ್ರಾಂತಿಕಾರಿಯೆ? ಅಲ್ಲ. ಮುಖ್ಯಮಂತ್ರಿಯಾಗಿ, ಲೋಕಸಭೆಯ ಸ್ಪೀಕರ್ ಆಗಿ ಹೆಸರು ಮಾಡಿದ್ದ ಮಧ್ಯಮ ಮಾರ್ಗದ ಮನುಷ್ಯ. ಬಲಪಂಥೀಯರು ಭಯಪಡುವಂಥದ್ದೇನೂ ಅವರಲ್ಲಿರಲಿಲ್ಲ. ಆದರೂ ಅವರಿಗೆ ಮೊದಲ ಪ್ರಾಶಸ್ತ್ಯದ ಮತ ಕೊಡಲು ಅವರು ಸಿದ್ಧರಿರಲಿಲ್ಲ. ನಿಜಲಿಂಗಪ್ಪನವರು ಆ ಪಕ್ಷಗಳ ನಾಯಕರನ್ನು ಭೇಟಿಯಾಗಿ, ಎರಡನೇ ಪ್ರಾಶಸ್ತ್ಯವನ್ನಾದರೂ ಕೊಡಿ ಎಂದು ಕೇಳಿದರು.

ಆ ಭೇಟಿಯೇ ಇಂದಿರಾ ಬಣದ ಕೈಗೆ ಸಿಕ್ಕ ಕೋಲು. ಜಗಜೀವನ ರಾಮ್ ಮತ್ತು ಫಕ್ರುದ್ದೀನ್ ಅಲಿ ಅಹ್ಮದ್ ಪಕ್ಷಾಧ್ಯಕ್ಷರಿಗೆ ಪತ್ರ ಬರೆದು ವಿವರಣೆ ಕೇಳಿದರು. ಜನಸಂಘದ ಬಾಗಿಲು ತಟ್ಟಿದ ಮೇಲೆ ಯಾವ ಮುಖವಿಟ್ಟುಕೊಂಡು ಶಿಸ್ತಿನ ಮಾತಾಡುತ್ತೀರಿ ಎಂಬುದು ಅದರ ಒಳಗಿನ ಪ್ರಶ್ನೆ. 'ಆತ್ಮಸಾಕ್ಷಿಯ ಮತ'ಕ್ಕೆ ದಾರಿ ತೆರೆಯಿತು. (ಇಂದಿರಾ ಅವರಿಗೆ ನೆಪ ಬೇಕಿತ್ತು ಎನ್ನುವವರಿದ್ದಾರೆ. ಇರಬಹುದು. ಆದರೆ ನೆಪವನ್ನು ತಟ್ಟೆಯಲ್ಲಿಟ್ಟು ಕೊಟ್ಟವರು ಯಾರು?)

ಆಗಸ್ಟ್ 20ರ ಎಣಿಕೆಯನ್ನು ಸ್ವಲ್ಪ ತಾಳ್ಮೆಯಿಂದ ನೋಡಿ. ಮೊದಲ ಪ್ರಾಶಸ್ತ್ಯದಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ದೇಶಮುಖರಿಗೆ 1,12,769. ಉಳಿದವರ ಮತಗಳನ್ನು ಹಂಚಿದ ಮೇಲೆ ಗಿರಿ 4,20,077, ರೆಡ್ಡಿ 4,05,427. ಗೆಲುವಿಗೆ ಬೇಕಿದ್ದುದು 4,18,169. ಅಂದರೆ ಮರು ಹಂಚಿಕೆಯಲ್ಲಿ ರೆಡ್ಡಿಯವರಿಗೆ ಬಂದದ್ದು 91,879, ಗಿರಿಯವರಿಗೆ 18,562 ಮಾತ್ರ. ಬಲಪಂಥೀಯರ ಎರಡನೇ ಮತ ಬಹುಪಾಲು ರೆಡ್ಡಿಯವರಿಗೇ ಬಂತು! ಆದರೂ 14,650ರ ಅಂತರದಲ್ಲಿ ಸೋತರು. ಏಕೆಂದರೆ ಸ್ವಂತ ಮನೆಯ ಮತಗಳು ಗಿರಿಯವರ ಮೊದಲ ಪ್ರಾಶಸ್ತ್ಯದ ರಾಶಿಗೆ ಸೇರಿಬಿಟ್ಟಿದ್ದವು.

ನಿಜಲಿಂಗಪ್ಪನವರನ್ನು ಕೋಮುವಾದಿ ಎಂದು ನಾವು ಕರೆಯುವುದಿಲ್ಲ, ಕರೆಯುವುದು ಅನ್ಯಾಯ. ಏಕೀಕರಣದ ಮುಂದಾಳು ಅವರು. ಅವರ ತಪ್ಪು ಲೆಕ್ಕದ್ದು. ಬಲಪಂಥೀಯ ಮತದಾರನೂ ಮೂರ್ಖನಲ್ಲ. ಸೌಮ್ಯ ಅಭ್ಯರ್ಥಿ ತನಗೆ ಋಣಿಯಲ್ಲ, ಗೆದ್ದ ಮೇಲೆ ತನ್ನ ಮಾತು ಕೇಳುವವನಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತು. ಅಂಥವನಿಗೆ ಮೊದಲ ಮತ ಕೊಟ್ಟರೆ ತನ್ನ ಅಂಗಡಿಯ ಬೋರ್ಡನ್ನು ತಾನೇ ಇಳಿಸಿದಂತೆ. ಅಸಲು ಸರಕು ಅವನ ಅಂಗಡಿಯಲ್ಲೇ ಇರುವಾಗ ಪಕ್ಕದ ಅಂಗಡಿಯ ನಕಲನ್ನು ಯಾಕೆ ಕೊಳ್ಳಬೇಕು? ಅಮೆರಿಕದಲ್ಲಿ 2008ರಲ್ಲಿ ಜಾನ್ ಮೆಕೇನ್ ತಮ್ಮನ್ನು ನಂಬದ ಸಂಪ್ರದಾಯವಾದಿಗಳನ್ನು ಒಲಿಸಲು ಸಾರಾ ಪೇಲಿನ್ ಅವರನ್ನು ಜೊತೆಗೆ ಕಟ್ಟಿಕೊಂಡರು. ಸಭೆಗಳಲ್ಲಿ ಚಪ್ಪಾಳೆ ಬಂತು, ಮಧ್ಯದ ಮತದಾರ ಹಿಂದೆ ಸರಿದ, ಒಬಾಮಾ ಗೆದ್ದರು.

ನಮ್ಮ ಜಿಲ್ಲೆಗೆ ಬರೋಣ. 2018ರಲ್ಲಿ ಮಠ ಮಂದಿರಗಳ ಭೇಟಿಯೇ ಕಾಂಗ್ರೆಸ್ ಪ್ರಚಾರದ ದೊಡ್ಡ ಸುದ್ದಿಯಾಗಿತ್ತು. ಮಠಕ್ಕೆ ಹೋಗುವುದಕ್ಕೆ ನಮ್ಮ ತಕರಾರಿಲ್ಲ, ಅದನ್ನು ಓಟಿನ ವ್ಯಾಪಾರವೆಂದು ಬಗೆಯುವುದಕ್ಕಿದೆ. ಆರು ಕ್ಷೇತ್ರಗಳಲ್ಲಿ ಐದು ಬಿಜೆಪಿಗೆ ಹೋದವು: ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಮೊಳಕಾಲ್ಮೂರು. 2023ರಲ್ಲಿ ಅದೇ ಕಾಂಗ್ರೆಸ್ಸಿನ ಪ್ರಣಾಳಿಕೆ, ದ್ವೇಷ ಹರಡುವ ಸಂಘಟನೆಗಳ ಸಾಲಿನಲ್ಲಿ ಬಜರಂಗದಳ, ಪಿಎಫ್‌ಐ ಎರಡನ್ನೂ ಹೆಸರಿಸಿತು. ಎಷ್ಟೋ 'ಸೌಮ್ಯ'ರು ಎದೆ ಬಡಿದುಕೊಂಡರು, ಎಲ್ಲ ಹೋಯಿತು ಎಂದರು. ಪ್ರಧಾನಿಯವರು ಬಜರಂಗಬಲಿಗೆ ಜೈಕಾರ ಹಾಕಿಸಿದರು. ಜನ ಅಕ್ಕಿ, ಬಸ್ಸು, ತಿಂಗಳ ಎರಡು ಸಾವಿರ ರೂಪಾಯಿಯ ಮಾತನ್ನೂ ಕೇಳಿಸಿಕೊಂಡರು. ಹೊಳಲ್ಕೆರೆ ಒಂದನ್ನು ಬಿಟ್ಟು ಐದೂ ಕಾಂಗ್ರೆಸ್ಸಿಗೆ ಬಂದವು. ಮರುವರ್ಷ ಲೋಕಸಭೆಯಲ್ಲಿ ಇದೇ ಚಿತ್ರದುರ್ಗ ಬಿಜೆಪಿಯ ಗೋವಿಂದ ಕಾರಜೋಳರನ್ನು ಆರಿಸಿತು ಎಂಬುದನ್ನೂ ನಾವು ಮುಚ್ಚಿಡುವುದಿಲ್ಲ. ಮತದಾರ ಯಾರ ಜೇಬಿನಲ್ಲೂ ಇಲ್ಲ, ನಮ್ಮ ಜೇಬಿನಲ್ಲೂ ಇಲ್ಲ.

ಹಾಗಿರುವಾಗ ನಮ್ಮನ್ನು ಮಾತ್ರ ಜೇಬಿನಲ್ಲಿರುವವರೆಂದು ಬಗೆಯುವ ಧೈರ್ಯ ನಿಮಗೆಲ್ಲಿಂದ ಬಂತು? 'ಹೇಗೂ ಇರುವ' ಓಟಿಗೂ ಒಂದು ಆತ್ಮಸಾಕ್ಷಿ ಇರಬಹುದೆಂದು 1969ರಲ್ಲಿ ಪಕ್ಷದ ಅಧ್ಯಕ್ಷರಿಗೇ ಹೊಳೆಯಲಿಲ್ಲ. ಮುಂದಿನ ಸಲ ಹೊಳಲ್ಕೆರೆಯಲ್ಲೋ ಹಿರಿಯೂರಿನಲ್ಲೋ ನಮ್ಮ ಹಿರಿಯರನ್ನು ಪಕ್ಕಕ್ಕೆ ಕರೆಯುವವರು ಮೊದಲು ಆ ಎಣಿಕೆಯ ಅಂಕಿಗಳನ್ನು ಒಮ್ಮೆ ಓದಿಕೊಂಡು ಬರಲಿ.

ಇನ್ನೊಂದು ಮಾತು ಉಳಿಯಿತು. ಅದೇ ಸಂಜೀವ ರೆಡ್ಡಿಯವರು 1977ರ ಜುಲೈಯಲ್ಲಿ ಅವಿರೋಧವಾಗಿ ರಾಷ್ಟ್ರಪತಿಯಾದರು. ಎಂಟು ವರ್ಷದಲ್ಲಿ ಅವರೇನೂ ಕಟ್ಟಾ ಬಲಪಂಥೀಯರಾಗಿರಲಿಲ್ಲ. ಅಷ್ಟರಲ್ಲಿ ಜನಸಂಘ ಜನತಾ ಪಕ್ಷದೊಳಗೆ ಸೇರಿ, ದೆಹಲಿಯ ಸಚಿವ ಸಂಪುಟದಲ್ಲಿ ಕುಳಿತಿತ್ತು.