ತಾಯಿಗೆ ಪೂಜೆ ಸಾಕು

ಈಚೆಗೆ ನಮ್ಮ ಊರಿನ ಸಭೆಯೊಂದರಲ್ಲಿ ಹಿರಿಯ ಭಾಷಣಕಾರರೊಬ್ಬರು ತಾಯ್ತನದ ಮಹಿಮೆಯನ್ನು ಮುಕ್ಕಾಲು ಗಂಟೆ ಕೊಂಡಾಡಿದರು. ಕೊನೆಗೆ, “ಹೆತ್ತ ಮೇಲೆ ಖಿನ್ನತೆ ಎಂಬುದು ಪಶ್ಚಿಮದವರ ಕಾಯಿಲೆ, ನಮ್ಮ ಬಾಣಂತನದ ಪದ್ಧತಿಯಿರುವಲ್ಲಿ ಅದಕ್ಕೆ ಎಡೆಯೇ ಇಲ್ಲ” ಎಂದರು. ಸಭೆ ಚಪ್ಪಾಳೆ ತಟ್ಟಿತು. ಅಭ್ಯಾಸಬಲದಿಂದ ನಾನೂ ತಟ್ಟಿದೆ. ಪಕ್ಕದಲ್ಲಿ ಕುಳಿತಿದ್ದ ನನ್ನ ಹೆಂಡತಿ ಮಾತ್ರ ಕೈಗಳನ್ನು ಮಡಿಲಲ್ಲಿಯೇ ಇಟ್ಟುಕೊಂಡಿದ್ದಳು. ಆ ಚಪ್ಪಾಳೆಯ ಋಣವನ್ನು ತೀರಿಸುವುದಕ್ಕಾಗಿ ಈ ಲೇಖನ. ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ನಮ್ಮ ಮಗಳಿಗೆ ಈಗ ಹನ್ನೆರಡು ವರ್ಷ. ಅವಳು ಹುಟ್ಟಿದಾಗ ಬಾಣಂತನಕ್ಕೆ ಯಾವ ಕೊರತೆಯೂ ಇರಲಿಲ್ಲ. ಎಣ್ಣೆನೀರು, ಸಾಂಬ್ರಾಣಿಯ ಹೊಗೆ, ಮೆಣಸಿನ ಸಾರು, ಬೆಳ್ಳುಳ್ಳಿ, ತುಪ್ಪ ಎಲ್ಲವೂ ಹೊತ್ತುಹೊತ್ತಿಗೆ ನಡೆದವು. ಹೀಗಿದ್ದೂ ಮೂರನೆಯ ವಾರದಿಂದ ಅವಳು ಗೋಡೆಯ ಕಡೆಗೆ ಮುಖ ಮಾಡಿ ಮಲಗತೊಡಗಿದಳು. ಮಗು ಅತ್ತರೆ ಎತ್ತಿಕೊಳ್ಳುತ್ತಿದ್ದಳು, ಹಾಲೂಡುತ್ತಿದ್ದಳು. ಅದರ ಮುಖವನ್ನು ಮಾತ್ರ ನೋಡುತ್ತಿರಲಿಲ್ಲ. ವೈದ್ಯರು ಮಗುವನ್ನು ತೂಗಿ “ಎಲ್ಲ ಸರಿಯಾಗಿದೆ” ಎಂದರು. ಹಿರಿಯರು ದೃಷ್ಟಿ ತೆಗೆದರು. ನಾನೇನು ಮಾಡಿದೆ? ತರಗತಿಯಲ್ಲಿ ಕರುಣರಸವನ್ನು ವಿವರಿಸಿ ಸಂಬಳ ಪಡೆಯುವವನು, “ಇಂಥ ಮಗುವನ್ನು ನೋಡಿಯೂ ನಿನಗೆ ನಗು ಬಾರದೆ?” ಎಂದು ಕೇಳಿದೆ. ಹೆರಿಗೆಯ ನೋವಿಗಿಂತ ಆ ಪ್ರಶ್ನೆಯ ನೋವೇ ಹೆಚ್ಚಾಗಿತ್ತೆಂದು ಅವಳು ಬಾಯಿಬಿಟ್ಟು ಹೇಳಿದ್ದು ಐದು ವರ್ಷಗಳಾದ ಮೇಲೆ.

ಇದು ಪಶ್ಚಿಮದ ಕಾಯಿಲೆಯೆ? ನಮ್ಮ ನೆರೆಯ ಗೋವೆಯಲ್ಲಿ ವಿಕ್ರಮ್ ಪಟೇಲರೂ ಅವರ ಸಂಗಡಿಗರೂ ನಡೆಸಿದ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಹೆತ್ತು ಆರೆಂಟು ವಾರಗಳಾದ ತಾಯಂದಿರಲ್ಲಿ ನೂರಕ್ಕೆ 23 ಮಂದಿ ಖಿನ್ನತೆಯಲ್ಲಿದ್ದರು. ಬಡತನ, ಗಂಡನ ಹೊಡೆತ, ಹುಟ್ಟಿದ್ದು ಹೆಣ್ಣೆಂಬ ಕೊರಗು, ಇವು ಅಪಾಯವನ್ನು ಹೆಚ್ಚಿಸಿದ್ದವು. ಇವೇನು ಹಡಗಿನಲ್ಲಿ ಬಂದ ಸರಕೆ? 2017ರಲ್ಲಿ ಭಾರತದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಲೆಕ್ಕ ನೂರಕ್ಕೆ ಸುಮಾರು 22 ಎಂದೇ ಬಂತು. ನಮ್ಮ ಅಜ್ಜಿಯಂದಿರು ‘ಬಾಣಂತಿ ಸನ್ನಿ’ ಎನ್ನುತ್ತಿದ್ದರು. ಕೂಗಾಡುವ ಕಾಯಿಲೆಗೆ ನಮ್ಮ ಭಾಷೆಯಲ್ಲಿ ಹೆಸರಿತ್ತು. ಸದ್ದಿಲ್ಲದ ಕಾಯಿಲೆಗೆ ಇರಲಿಲ್ಲ. ಹೆಸರಿಲ್ಲವೆಂದ ಮಾತ್ರಕ್ಕೆ ನೋವಿಲ್ಲವೆಂದು ಹೇಳಬಹುದೆ?

ತಾಯಿಯ ಮನಸ್ಸಿನ ಮಾತು ತಾಯಿಯಲ್ಲಿಯೇ ನಿಲ್ಲುವುದಿಲ್ಲ. ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟ್ರಾನಿಕ್ ಮತ್ತು ಸಂಗಡಿಗರು 1978ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ತಾಯಿ ಮೊದಲು ಎಂದಿನಂತೆ ಮಗುವಿನೊಡನೆ ನಗುತ್ತಾಳೆ, ಮಾತಾಡುತ್ತಾಳೆ. ಆಮೇಲೆ ಸ್ವಲ್ಪ ಹೊತ್ತು ಮುಖವನ್ನು ಕಲ್ಲಿನಂತೆ ನಿಶ್ಚಲವಾಗಿಡುತ್ತಾಳೆ. ಮಗು ನಗುತ್ತದೆ, ಕೈ ಚಾಚುತ್ತದೆ, ದನಿ ಮಾಡುತ್ತದೆ. ಉತ್ತರ ಬಾರದಿದ್ದಾಗ ಮುಖ ತಿರುಗಿಸಿಕೊಂಡು ಕುಗ್ಗುತ್ತದೆ. ಕೆಲವೇ ನಿಮಿಷಗಳಲ್ಲಿ ಹೀಗಾದರೆ, ತಿಂಗಳುಗಟ್ಟಲೆ ಹಾಗೆ ನಡೆದ ಮನೆಯಲ್ಲಿ? ಕೂಸು ‘ಊಂ’ ಎಂದರೆ ‘ಏನು ಕಂದಾ?’ ಎನ್ನುವ ಆ ಕೊಡುಕೊಳ್ಳುವಿಕೆಯೇ ಮಗುವಿನ ಮೊದಲ ಪಾಠಶಾಲೆ. ಮಾತು, ಗಮನ, ನಂಬಿಕೆ, ಅಳುವನ್ನು ತಾನೇ ತಣಿಸಿಕೊಳ್ಳುವ ಶಕ್ತಿ ಎಲ್ಲವೂ ಅಲ್ಲಿ ಮೊಳೆಯುತ್ತವೆ. ಖಿನ್ನಳಾದ ತಾಯಿಯ ದನಿಯಲ್ಲಿ ಏರಿಳಿತ ಸೋರಿಹೋಗುತ್ತದೆ. ಅವಳ ಉತ್ತರ ತಡವಾಗುತ್ತದೆ, ಕೆಲವೊಮ್ಮೆ ಸಿಡುಕಾಗುತ್ತದೆ. ಗೋವೆಯ ಸಂಶೋಧಕರೇ ಆ ಶಿಶುಗಳನ್ನು ಆರು ತಿಂಗಳಲ್ಲಿ ಪರೀಕ್ಷಿಸಿದಾಗ, ಖಿನ್ನ ತಾಯಂದಿರ ಮಕ್ಕಳಲ್ಲಿ ತೂಕವೂ ಉದ್ದವೂ ಬುದ್ಧಿಯ ಬೆಳವಣಿಗೆಯೂ ಹಿಂದುಳಿಯುವುದು ಹೆಚ್ಚಾಗಿ ಕಂಡಿತು.

ಇಲ್ಲಿ ನಾನು ಇನ್ನೊಂದು ಪಕ್ಷದವರೊಡನೆಯೂ ಜಗಳವಾಡಬೇಕು. ಇಷ್ಟನ್ನು ಓದಿ, “ಹಾಗಾದರೆ ಮಗು ಮಂಕಾದದ್ದು ತಾಯಿಯಿಂದಲೇ” ಎಂದು ತೀರ್ಪು ಕೊಡುವ ವಿದ್ಯಾವಂತರು ನಮ್ಮಲ್ಲಿ ಬಹಳ. ಮೊದಲಿನವರು ಅವಳನ್ನು ದೇವತೆ ಮಾಡಿ ಬಾಯಿ ಮುಚ್ಚಿಸಿದರೆ, ಇವರು ಅಪರಾಧಿ ಮಾಡಿ ಮುಚ್ಚಿಸುತ್ತಾರೆ. ಜ್ವರ ಬಂದವಳ ಮೈ ಬಿಸಿಯಾಯಿತೆಂದು ಯಾರಾದರೂ ಗದರಿಸುವುದುಂಟೆ? ಖಿನ್ನತೆ ಹಣೆಬರಹವೂ ಅಲ್ಲ. ಅಜ್ಜಿಯೋ ತಂದೆಯೋ ಮಗುವಿನ ನಗುವಿಗೆ ನಗುವಿನಿಂದ ಉತ್ತರ ಕೊಡುತ್ತಿದ್ದರೆ ನಷ್ಟ ಬಹಳಮಟ್ಟಿಗೆ ತಗ್ಗುತ್ತದೆ; ತಾಯಿ ಗುಣವಾದರೆ ಇನ್ನಷ್ಟು ತಗ್ಗುತ್ತದೆ.

ಗುಣಪಡಿಸುವುದು ದುಬಾರಿಯ ಕೆಲಸವೂ ಅಲ್ಲ. ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತೆಯರಿಗೆ ಖಿನ್ನ ತಾಯಂದಿರೊಡನೆ ಮಾತಾಡುವ ಕ್ರಮವನ್ನು ಕಲಿಸಲಾಯಿತು. ಅತಿಫ್ ರಹಮಾನ್ ಮತ್ತು ಸಂಗಡಿಗರು 2008ರಲ್ಲಿ ಫಲವನ್ನು ಪ್ರಕಟಿಸಿದರು: ಮಗುವಿಗೆ ಆರು ತಿಂಗಳಾಗುವ ವೇಳೆಗೆ ಖಿನ್ನತೆಯಲ್ಲಿ ಉಳಿದವರು ನೂರಕ್ಕೆ 23, ಬರಿಯ ಮಾಮೂಲು ಭೇಟಿ ದೊರೆತವರಲ್ಲಿ 53. ಆ ಮನೆಗಳಲ್ಲಿ ತಂದೆತಾಯಿಗಳಿಬ್ಬರೂ ಮಗುವಿನೊಡನೆ ಹೆಚ್ಚು ಹೊತ್ತು ಆಡತೊಡಗಿದ್ದರು.

ನಮ್ಮಲ್ಲಿ ಸಾಧನಗಳಿಲ್ಲವೆ? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ಕೊಡುವ ವಿಭಾಗ 2009ರಿಂದ ಇದೆ. ಮನೋರೋಗದ ಚಿಕಿತ್ಸೆಗೆಂದು ದಾಖಲಾದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಅಗಲಿಸಕೂಡದೆಂದು 2017ರ ಮಾನಸಿಕ ಆರೋಗ್ಯ ಕಾಯಿದೆ ಹೇಳುತ್ತದೆ. 14416ಕ್ಕೆ ಫೋನು ಮಾಡಿದರೆ ಟೆಲಿ ಮಾನಸ್‌ನವರು ಕನ್ನಡದಲ್ಲಿಯೇ ಮಾತಾಡುತ್ತಾರೆ. ಎಡಿನ್‌ಬರೋದ ಹೆಸರು ಹೊತ್ತ, 1987ರಲ್ಲಿ ಪ್ರಕಟವಾದ ಹತ್ತು ಪ್ರಶ್ನೆಗಳ ಪಟ್ಟಿಯೊಂದು ಕನ್ನಡಕ್ಕೂ ಬಂದಿದೆ. ಆಸ್ಪತ್ರೆಯಲ್ಲಿ ಹೆತ್ತವಳ ಮನೆಗೆ ಆಶಾ ಕಾರ್ಯಕರ್ತೆ 42 ದಿನಗಳಲ್ಲಿ ಆರು ಸಲ ಬರಬೇಕೆಂಬುದು ನಿಯಮ. ಆ ಆರರಲ್ಲಿ ಒಂದು ಸಲವಾದರೂ ಮಗುವನ್ನು ತೂಗುವ ಕೈ ತಾಯಿಯ ಕೈ ಹಿಡಿದು ಆ ಹತ್ತು ಪ್ರಶ್ನೆಗಳನ್ನು ಕೇಳಲೇಬೇಕು; ಅದಕ್ಕೆ ತಕ್ಕ ತರಬೇತಿಯನ್ನೂ ಸಂಬಳವನ್ನೂ ಸರಕಾರ ಆಕೆಗೆ ಕೊಡಲೇಬೇಕು.

ನಮ್ಮ ಮನೆಯಲ್ಲಿ ಕೇಳುವವರು ಸಿಕ್ಕಿದ್ದು ಏಳು ತಿಂಗಳ ಮೇಲೆ. ಗೆಳೆಯನೊಬ್ಬನ ಒತ್ತಾಯದಿಂದ ಮನೋವೈದ್ಯರ ಬಳಿಗೆ ಹೋದೆವು. ಅವಳು ಚೇತರಿಸಿಕೊಂಡಳು, ಮಗಳೂ ಚೆನ್ನಾಗಿದ್ದಾಳೆ. ಆದರೆ ಆ ಏಳು ತಿಂಗಳುಗಳನ್ನು ನಾನು ಯಾರಿಗೂ ತಿರುಗಿ ಕೊಡಲಾರೆ. ಆದ್ದರಿಂದ ವಾಚಕರಲ್ಲಿ ನನ್ನದೊಂದು ಬಿನ್ನಹ. ಇನ್ನು ಮುಂದೆ ಬಾಣಂತಿಯನ್ನು ನೋಡಲು ಹೋದಾಗ, ಕೂಸು ಯಾರ ಹಾಗಿದೆಯೆಂಬ ಚರ್ಚೆಗೆ ಮೊದಲು ಅವಳ ಪಕ್ಕದಲ್ಲಿ ಒಂದು ಗಳಿಗೆ ಕುಳಿತು ಕೇಳಿ: “ನಿನಗೆ ಹೇಗಿದೆಯಮ್ಮ?” ಕೇಳಿ, ಉತ್ತರ ಬರುವವರೆಗೆ ಅಲ್ಲಿಯೇ ಕುಳಿತಿರಿ.